ಬುಕ್ಕಿಲ್ಲದ ಆಟ

ನಮ್ಮ ಮನೆಗೆ ಯಾವ ಮೆಷಿನ್ ಬಂದರೂ ಅದರ ಬುಕ್ಕನ್ನು ಪೂರ್ತಿ ಓದದೆ ಸ್ವಿಚ್ ಹಾಕುವಂತಿರಲಿಲ್ಲ. ಇದು ಅಪ್ಪನ ಕಾನೂನು. ಹಿಂದೊಮ್ಮೆ ಹೊಸ ಪಂಪ್‌ಸೆಟ್ ತಂದ ದಿನ, ಅಂಗಡಿಯವರು ಕೊಟ್ಟ ಪುಸ್ತಕವನ್ನು "ಇದ್ರಲ್ಲಿ ಓದೋದೇನಿದೆ ಮಾರಾಯ" ಅಂತ ಮೂಲೆಗೆಸೆದು ಹೋದ ಅಪ್ಪ ಸಂಜೆಯೊಳಗೆ ಮೋಟರ್ ಸುಟ್ಟುಕೊಂಡು ಬಂದಿದ್ದರು. ಕಾಫಿ ಹೂವಿಗೆ ನೀರು ಹೊಡೆಯಬೇಕಾದ ಸಮಯ ಅದು. ಆ ವರ್ಷ ಕಾಯಿ ಸರಿಯಾಗಿ ಕಚ್ಚಲಿಲ್ಲ. ಅವತ್ತಿನಿಂದ ಸ್ಪ್ರೇಯರ್ ಬಂದರೂ ಬುಕ್, ಮಿಕ್ಸಿ ಬಂದರೂ ಬುಕ್. ಇಂಗ್ಲಿಷ್ ಬಲ್ಲವರೊಬ್ಬರು ಕೂತು ಓದಿ ಕನ್ನಡದಲ್ಲಿ ಹೇಳಬೇಕು, ಉಳಿದವರು ಸುತ್ತ ನಿಂತು ಕೇಳಬೇಕು, ಆಮೇಲೆ ಸ್ವಿಚ್.

ಅಣ್ಣನ ಮದುವೆಯಾದ ಮೇಲೆ ಈ ಓದುವ ಕೆಲಸ ಅತ್ತಿಗೆಯ ಪಾಲಿಗೆ ಬಂತು. ಅವರು ಕಳಸದ ಕಡೆಯವರು, ಚಿಕ್ಕಮಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಮುಗಿಸಿದವರು. ಬಣಕಲ್ಲಿನ ನಮ್ಮ ಮನೆಗೆ ಬಂದ ಮೇಲೆ ಅವರು ಕೂತದ್ದನ್ನು ನಾನು ಕಂಡದ್ದೇ ಕಡಿಮೆ. ಬೆಳಗ್ಗೆ ಒಲೆ ಮುಂದೆ ನಿಂತರೆ, ಆಳುಗಳ ಕಾಫಿ, ದನದ ಹುಲ್ಲು, ಕೊಯ್ಲಿನ ಕಾಲವಾದರೆ ಕಣದಲ್ಲಿ ಒಣಹಾಕಿದ ಕಾಫಿ ಕೈಯಾಡಿಸುವುದು, ಹೀಗೇ ರಾತ್ರಿಯಾಗುತ್ತಿತ್ತು. ಅಮ್ಮ ಕೆಟ್ಟವಳೇನಲ್ಲ, ಸೊಸೆಯನ್ನು ಬೈದವಳೂ ಅಲ್ಲ. "ಸ್ವಲ್ಪ ಕೂತ್ಕೊ" ಅನ್ನುವ ಮಾತು ಮಾತ್ರ ಅವಳ ಬಾಯಲ್ಲಿ ಬರುತ್ತಿರಲಿಲ್ಲ, ಅಷ್ಟೆ. ಬುಕ್ ಓದುವಾಗ ಮಾತ್ರ ಅತ್ತಿಗೆಗೆ ಕುರ್ಚಿ ಸಿಗುತ್ತಿತ್ತು. ಮಿಕ್ಸಿಯ ಬುಕ್ಕಾದರೂ ಎಷ್ಟು ಹೊತ್ತು ಓದಲಿಕ್ಕಾಗುತ್ತದೆ ಹೇಳಿ?

ಕಾಫಿಗೆ ಒಳ್ಳೆ ರೇಟ್ ಬಂದ ತೊಂಬತ್ತರ ದಶಕದ ಒಂದು ವರ್ಷ ಅಣ್ಣ ತೋಟದ ಲೆಕ್ಕ ಬರೆಯಲಿಕ್ಕೆಂದು ಕಂಪ್ಯೂಟರ್ ತಂದ. ಲೆಕ್ಕ ಬರೆದದ್ದು ಅಷ್ಟರಲ್ಲೇ ಇದೆ. ಅದರ ಜೊತೆಗೇ ಮಂಗಳೂರಿನಿಂದ ಒಂದು ಆಟವನ್ನೂ ತಂದಿದ್ದ. ಸೀರೆ ಡಬ್ಬಿಯಷ್ಟು ದೊಡ್ಡ ಡಬ್ಬಿ, ಒಳಗೆ ಒಂದು ಸಿ.ಡಿ., ಮತ್ತೆ ಇಷ್ಟು ದಪ್ಪದ ಇಂಗ್ಲಿಷ್ ಪುಸ್ತಕ. ಯಾರೂ ಇಲ್ಲದ ದ್ವೀಪದಲ್ಲಿ ಊರು ಕಟ್ಟುವ ಆಟ. ನಾನಾಗ ಹೈಸ್ಕೂಲು ಮುಗಿಸುತ್ತಿದ್ದ ಹುಡುಗಿ, ನನ್ನ ಇಂಗ್ಲಿಷಂತೂ ದೇವರಿಗೇ ಪ್ರೀತಿ. ಅಪ್ಪ ಡಬ್ಬಿಯನ್ನು ತಿರುಗಿಸಿ ನೋಡಿ, ಪಂಪ್‌ಸೆಟ್ಟಿಗೆ ಹೇಳುವ ಮಾತನ್ನೇ ಹೇಳಿದರು: "ಬುಕ್ ಓದ್ದೆ ಹಾಕಂಗಿಲ್ಲ. ಅತ್ತಿಗೆ ಹತ್ರ ಪೂರ್ತಿ ಓದಿಸ್ಕೊ."

ಹಾಗೆ ಮಧ್ಯಾಹ್ನದ ಊಟವಾದ ಮೇಲೆ, ಸಂಜೆಯ ಕಾಫಿಯ ತನಕ ಅತ್ತಿಗೆ ನನ್ನ ಪಕ್ಕ ಕೂರುವುದು ಶುರುವಾಯಿತು. ಆ ಪುಸ್ತಕವೋ, ಯಾವ ಗುಂಡಿ ಒತ್ತಬೇಕು ಅಂತ ಹೇಳಿ ಸುಮ್ಮನಾಗುವ ಜಾತಿಯದ್ದಲ್ಲ. ದ್ವೀಪದ ಕಥೆ, ಅದನ್ನು ಕಂಡುಹಿಡಿದ ರಾಜನ ಕಥೆ, ಯಾವ ಮಣ್ಣಿಗೆ ಯಾವ ಬೆಳೆ, ಹಡಗು ಬಂದಾಗ ವ್ಯಾಪಾರ ಹೇಗೆ, ಎಲ್ಲ ಇತ್ತು. ಅತ್ತಿಗೆ ಒಂದು ಪ್ಯಾರಾ ಓದುವುದು, ಅರ್ಥ ಹೇಳುವುದು, ನಾನು ಮೌಸ್ ಅಲ್ಲಾಡಿಸುವುದು. ರಾಜನ ಮಾತು ಬಂದರೆ ದನಿ ದಪ್ಪ ಮಾಡಿ "ಎಲೈ ಪ್ರಜೆಗಳಿರಾ" ಅನ್ನುತ್ತಿದ್ದರು. ಅಡಿಗೆಮನೆಯಲ್ಲಿ ಹೂಂ, ಊಹೂಂ ಬಿಟ್ಟು ಮಾತಾಡದ ಹೆಂಗಸಿಗೆ ಇಷ್ಟು ದನಿ ಎಲ್ಲಿತ್ತು ಅಂತ ನನಗೆ ಆಶ್ಚರ್ಯ. ಒಮ್ಮೆ ಮೌಸನ್ನು ನನ್ನ ಕೈಯಿಂದ ಕಿತ್ತುಕೊಂಡು, ಗುಡ್ಡದ ನೆತ್ತಿಯ ಮೇಲೆ ಒಂದೇ ಒಂದು ಮನೆ ಕಟ್ಟಿದರು.

"ಅಲ್ಲಿಗೆ ದಾರಿನೇ ಇಲ್ವಲ್ಲ ಅತ್ತಿಗೆ, ಯಾರು ಹೋಗ್ತಾರೆ?"

"ಯಾರೂ ಬರ್ದೇ ಇರ್ಲಿ ಅಂತ್ಲೇ ಕಟ್ಟಿದ್ದು ಮಾರಾಯ್ತಿ."

ಇಬ್ಬರೂ ನಕ್ಕೆವು. ನಾನು ಅದನ್ನು ತಮಾಷೆ ಅಂದುಕೊಂಡೆ.

ನಾವು ಆಡುತ್ತಿದ್ದದ್ದು ಅಪ್ಪಟ ಕಾಫಿ ತೋಟದವರ ಹಾಗೆ. ಪುಸ್ತಕ ಕಾಡು ಕಡಿ ಅಂದರೆ, ನೆರಳಿಗೆ ಬೇಕು ಅಂತ ಮರ ಬಿಡುವುದು. ಹಡಗು ಬಂದು ನಿಂತರೆ ದಾಸ್ತಾನು ಮಾರುವುದಿಲ್ಲ. "ತಡೀರಿ ಅತ್ತಿಗೆ, ರೇಟ್ ಬರ್ಲಿ" ಅಂತ ನಾನು ಅಪ್ಪನ ಹಾಗೇ ಗೋಡೌನ್ ತುಂಬಿಸಿಟ್ಟೆ. ಹಡಗುಗಳು ಬಂದವು, ಹೋದವು, ರೇಟ್ ಏಳಲೇ ಇಲ್ಲ. ಅಷ್ಟರಲ್ಲಿ ಧಾನ್ಯವೆಲ್ಲ ಕೊಳೆತು, ಜನ ಒಬ್ಬೊಬ್ಬರಾಗಿ ಊರು ಬಿಟ್ಟರು. ಅತ್ತಿಗೆ ಪುಸ್ತಕ ಹುಡುಕಿ, ಇಲ್ಲಿ ರೇಟ್ ಏರುವುದೂ ಇಲ್ಲ ಇಳಿಯುವುದೂ ಇಲ್ಲ, ಮಾಲು ಮಾತ್ರ ಹಾಳಾಗುತ್ತದೆ ಅನ್ನುವ ಸಾಲನ್ನು ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮಪ್ಪನ್ ಬುದ್ಧಿ ಎಲ್ಲಿಗೆ ಹೋಗುತ್ತೆ!"

ಒಳಗಿನಿಂದ ಅಮ್ಮನ ದನಿ ಬಂತು: "ಓದ್ತಿದ್ದೀರೋ, ನಗ್ತಿದ್ದೀರೋ?"

ಅತ್ತಿಗೆ ಥಟ್ಟನೆ ಪುಸ್ತಕ ಎತ್ತಿ ಹಿಡಿದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದತೊಡಗಿದರು. ಇಂಗ್ಲಿಷ್ ಕೇಳಿದರೆ ಅಮ್ಮ ತಣ್ಣಗಾಗುತ್ತಿದ್ದಳು. ಕೈಯಲ್ಲಿ ಪುಸ್ತಕ ಇರುವ ತನಕ ಅದು ಆಟವಲ್ಲ, ಪಾಠ. ಈ ಗುಟ್ಟು ಅತ್ತಿಗೆಗೆ ಗೊತ್ತಿತ್ತು. ದಡ್ಡಿ, ನನಗೆ ಹೊಳೆಯಲಿಲ್ಲ.

ನಾನು ಪಿಯುಸಿ ಮುಗಿಸುವ ಹೊತ್ತಿಗೆ, ಎರಡು ಸಾವಿರದ ಇಸವಿ ದಾಟಿದ ಮೇಲೆ, ಮೂಡಿಗೆರೆಯ ಗೆಳತಿಯೊಬ್ಬಳು ಹೊಸ ಆಟದ ಸಿ.ಡಿ. ಕೊಟ್ಟಳು. ತೆಳ್ಳಗಿನ ಕವರಿನೊಳಗೆ ಬರೀ ಸಿ.ಡಿ., ಪುಸ್ತಕದ ಗೊಡವೆಯೇ ಇಲ್ಲ. ಹಾಕಿದ ಕೂಡಲೇ ಆಟವೇ ಕಲಿಸತೊಡಗಿತು. ಹಳದಿ ಬಾಣವೊಂದು ಬಂದು ಇಲ್ಲಿ ಒತ್ತು ಅನ್ನುತ್ತದೆ, ಒತ್ತಿದರೆ ಶಭಾಷ್ ಅನ್ನುತ್ತದೆ, ತಪ್ಪಿದರೆ ಬೇಸರವಿಲ್ಲದೆ ಮತ್ತೆ ತೋರಿಸುತ್ತದೆ. ಒಂದು ಮಧ್ಯಾಹ್ನದೊಳಗೆ ನಾನು ಪಳಗಿಬಿಟ್ಟೆ. ಅಬ್ಬಾ, ಪುಟ ತಿರುಗಿಸುವ ರಗಳೆ ತಪ್ಪಿತು ಅಂತ ಎಷ್ಟು ಖುಷಿ ನನಗೆ!

ಮರುದಿನ ಅತ್ತಿಗೆ ಎಂದಿನಂತೆ ಕೈ ಒರೆಸಿಕೊಳ್ಳುತ್ತ ಬಂದು, ಕುರ್ಚಿ ಎಳೆದುಕೊಂಡು ಕೂತರು.

"ಹೊಸಾದಂತೆ? ಬುಕ್ ಎಲ್ಲಿ?"

"ಬುಕ್ ಬೇಡ ಅತ್ತಿಗೆ. ಅದೇ ಹೇಳ್ಕೊಡುತ್ತೆ. ನೀವು ಓದೋದೇನೂ ಇಲ್ಲ."

ಪಿಸುಗುಟ್ಟಿದ್ದರೂ ಸಾಕಿತ್ತು. ಊರಿಗೆಲ್ಲ ಕೇಳುವ ಹಾಗೆ ಹೇಳಿದೆ. ಜಗಲಿಯಲ್ಲಿ ಕಾಳುಮೆಣಸು ಹರವಿಕೊಂಡು ಕೂತಿದ್ದ ಅಮ್ಮ ಅಲ್ಲಿಂದಲೇ ಕರೆದಳು: "ಓದೋದಿಲ್ವಂತಲ್ಲ, ಹಂಗಾದ್ರೆ ಬಾ. ಈ ಮೆಣಸು ಕೇರಿ ಮುಗ್ಸೋಣ."

ಅತ್ತಿಗೆ ನನ್ನ ಮುಖ ನೋಡಿದರು. ನಾನು ಒಂದು ಮಾತು ಹೇಳಬಹುದಿತ್ತು: ಇಲ್ಲಮ್ಮ, ಒಂಚೂರು ಓದೋದಿದೆ. ನನ್ನ ಕಣ್ಣು ಬಾಣದ ಮೇಲಿತ್ತು. ಅವರು ಎದ್ದು ಹೋದರು.

ಆಮೇಲೂ ಕೆಲವು ದಿನ ಬಾಗಿಲಲ್ಲಿ ಬಂದು ನಿಂತು ಇಣುಕುತ್ತಿದ್ದರು. "ಅಲ್ಲಿ ನಿಲ್ಬೇಡಿ ಅತ್ತಿಗೆ, ಸ್ಕ್ರೀನ್ ಮೇಲೆ ನೆರಳು ಬೀಳುತ್ತೆ" ಅಂದೆ. ಛೀ, ನನ್ನ ನಾಲಿಗೆಗೆ ಬೆಂಕಿ ಬೀಳ. ಅಪ್ಪನಿಗೆ ವಿಷಯ ಗೊತ್ತಾದಾಗ, ಬುಕ್ಕಿನ ಕೆಲಸವನ್ನೂ ಮೆಷಿನ್ನೇ ಮಾಡುತ್ತದೆ ಅಂದರೆ ಒಳ್ಳೆಯದೇ ಆಯಿತಲ್ಲ ಅಂದರು. ಮನೆಮಂದಿಗೆಲ್ಲ ಒಳ್ಳೆಯದೇ ಆಗಿತ್ತು. ಮೆಣಸು ಬೇಗ ಕೇರಿ ಮುಗಿಯುತ್ತಿತ್ತು.

ಒಂದು ದಿನ ಬಟ್ಟೆ ಮಡಚುತ್ತ ಅತ್ತಿಗೆ ಕೇಳಿದರು: "ಆ ಆಟದಲ್ಲಿ ಈಗ ಏನಾಯ್ತೇ?"

"ಹೇಳಿದ್ರೆ ನಿಮ್ಗೆ ಅರ್ಥ ಆಗಲ್ಲ ಬಿಡಿ" ಅಂದೆ.

ಅಂದ ಮೇಲೆ ನನಗೇ ಚುರುಕ್ ಅಂದಿತು. ಪುಸ್ತಕದ ಒಂದೊಂದು ಸಾಲನ್ನೂ ಬಿಡಿಸಿ ನನ್ನ ತಲೆಗೆ ತುಂಬಿದವರಿಗೆ ಅರ್ಥವಾಗುವುದಿಲ್ಲವಂತೆ! ಅವರು ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದರು. ಅವರಿಂದ ನಾನು ಕಿತ್ತುಕೊಂಡದ್ದು ಆಟವನ್ನಲ್ಲ, ಇಡೀ ದಿನದಲ್ಲಿ ಅವರು ಕೂರುತ್ತಿದ್ದ, ನಗುತ್ತಿದ್ದ ಒಂದೇ ಹೊತ್ತನ್ನು ಅಂತ ಆಗ ಅರ್ಥವಾಯಿತು.

ಮರುದಿನ ಅಟ್ಟದಿಂದ ಹಳೇ ಪುಸ್ತಕ ಇಳಿಸಿ, ಬೂಷ್ಟು ಒರೆಸಿ, ಅಮ್ಮನಿಗೆ ಕೇಳುವ ಹಾಗೆ ಕೂಗಿದೆ: "ಅತ್ತಿಗೆ, ಓದಿ ಹೇಳ್ಬೇಕಿತ್ತು, ಬನ್ನಿ." ಅಮ್ಮ ತಡೆಯಲಿಲ್ಲ. ಅತ್ತಿಗೆ ಬಂದರು. ಕೂತರು. ಪುಟ ತೆರೆದು ಒಂದು ಸಾಲು ಓದಿ, ಕತ್ತೆತ್ತಿ ಸ್ಕ್ರೀನ್ ನೋಡಿದರು. ಅಲ್ಲಿ ಇದ್ದದ್ದು ಹೊಸ ಆಟ. ನನಗೆ ಹಳೇ ಸಿ.ಡಿ. ಹಾಕುವಷ್ಟೂ ತಾಳ್ಮೆ ಇರಲಿಲ್ಲ. ಅವರು ಓದುತ್ತಿರಲಿ, ನಾನು ನನ್ನ ಪಾಡಿಗೆ ಆಡುತ್ತಿರೋಣ ಅಂದುಕೊಂಡಿದ್ದೆ.

ಅತ್ತಿಗೆ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು. ಸಿಟ್ಟಿರಲಿಲ್ಲ. ಮೆಲ್ಲಗೆ, ಅಮ್ಮನಿಗೆ ಕೇಳದ ಹಾಗೆ ಹೇಳಿದರು: "ಪಾಪ ಅಂತ ಕರೀಬೇಡ ಕಣೇ. ಅದಕ್ಕಿಂತ ಮೆಣಸು ಕೇರೋದೇ ವಾಸಿ."

ಕೈ ಹಿಡಿದು ಕೂರಿಸಬೇಕಿತ್ತು. ತಪ್ಪಾಯ್ತು ಅತ್ತಿಗೆ, ಹಳೇದನ್ನೇ ಆಡೋಣ ಅನ್ನಬೇಕಿತ್ತು. ನಾನೂ ಈಗ ಇನ್ನೊಂದು ಮನೆಯ ಸೊಸೆಯಾಗಿ ವರ್ಷಗಳಾದವು. ಆ ಮಾತನ್ನು ಮನಸ್ಸಿನಲ್ಲೇ ಎಷ್ಟು ಸಲ ಆಡಿದ್ದೇನೋ ಲೆಕ್ಕವಿಲ್ಲ. ಅವತ್ತು ಮಾತ್ರ ಬಾಯಿ ಬಿಡಲಿಲ್ಲ. ನಿಜ ಹೇಳುತ್ತೇನೆ, ಅವರು ಎದ್ದು ಹೋದದ್ದೇ ನನಗೆ ನಿರಾಳವಾಯಿತು. ಅವರ ಕುರ್ಚಿಯ ಮೇಲೆ ಕಾಲು ಚಾಚಿಕೊಂಡು ಸಂಜೆಯ ತನಕ ಆಡಿದೆ. ಕಾಫಿ ಅವರೇ ತಂದರು. ಕಾಲು ಇಳಿಸದೆಯೇ ಕೈ ಚಾಚಿ ಲೋಟ ಇಸ್ಕೊಂಡೆ.