ತಲೆನೋವಿನ ಮಾತ್ರೆ

ಅವಳು ಕಲ್ಲೆದೆಯ ಹೆಂಗಸು. ನಿಯಮ ಒಂದು ಕಡೆ, ಮನುಷ್ಯ ಇನ್ನೊಂದು ಕಡೆ ನಿಂತರೆ ಮನುಷ್ಯನತ್ತ ತಿರುಗಿಯೂ ನೋಡುತ್ತಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ‘ತಕ್ಕಡಿ’ ಎನ್ನುತ್ತಿದ್ದರು. ಅದು ಹೊಗಳಿಕೆಯಲ್ಲ.

ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್ ನಿಜ ಹೇಳುತ್ತದೆಯೇ ಎಂದು ಪರೀಕ್ಷಿಸುವ ಕಡೆ ಅವಳು ಹಿರಿಯ ನರ್ಸ್. ಉದ್ದನೆಯ ಕೋಣೆಯಲ್ಲಿ ಎಂಟು ಒರಗು ಕುರ್ಚಿ, ಎಂಟು ಜನ ರೋಗಿಗಳು. ಕಾಲು ಗಂಟೆಗೊಮ್ಮೆ ಅವರ ರಕ್ತ ತೆಗೆದು ಯಂತ್ರಕ್ಕೆ ಕೊಡಬೇಕು; ಅದೇ ನಿಮಿಷಕ್ಕೆ ಸೆನ್ಸರ್ ತೋರಿಸಿದ ಅಂಕಿಯನ್ನು ಪಕ್ಕದಲ್ಲಿ ಬರೆಯಬೇಕು. ಒಂದು ನಿಮಿಷ ಆಚೀಚೆಯಾದರೆ ಆ ಸಾಲನ್ನೇ ಹೊಡೆದುಹಾಕುತ್ತಿದ್ದಳು.

ಬೆಳಿಗ್ಗೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಕೇಳುತ್ತಿದ್ದಳು: “ತಲೆನೋವಿನ ಮಾತ್ರೆ ಏನಾದ್ರೂ ತಗೊಂಡಿದ್ದೀರಾ?” ಆ ಮಾತ್ರೆ ಮೈಯಲ್ಲಿದ್ದರೆ ಆ ಸೆನ್ಸರ್ ಮೋಸಹೋಗುತ್ತದೆ, ಇರುವುದಕ್ಕಿಂತ ಹೆಚ್ಚು ಸಕ್ಕರೆ ತೋರಿಸುತ್ತದೆ.

“ಅರ್ಧ ಮಾತ್ರೆ ಮೇಡಂ, ಬರ್ತಾ ಬರ್ತಾ ನುಂಗಿದೆ,” ಎಂದು ಒಬ್ಬ ಹಲ್ಲು ಗಿಂಜಿದ್ದ.

“ಅರ್ಧ ಮುಳುಗಿದ್ರೂ ಒದ್ದೆ, ಪೂರ್ತಿ ಮುಳುಗಿದ್ರೂ ಒದ್ದೆ. ಮನೆಗೆ ನಡೀರಿ.”

ಮನೆಯಲ್ಲಿದ್ದವಳು ಅಕ್ಕ ಒಬ್ಬಳೇ. ತಾಯಿ ಹೋದ ಮೇಲೆ ಇವಳನ್ನು ಸಾಕಿದವಳು. ಅವಳಿಗೆ ಮೂವತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಸಕ್ಕರೆ ಇಳಿದರೆ ಬೆವರು, ನಡುಕ ಯಾವುದೂ ಈಗ ಬರುತ್ತಿರಲಿಲ್ಲ. ಮೈ ಸುಳಿವು ಕೊಡುವುದನ್ನೇ ಬಿಟ್ಟಿತ್ತು. ಅದಕ್ಕೇ, ಪರೀಕ್ಷೆ ಇನ್ನೂ ಮುಂದುವರಿದಿದ್ದರೂ, ಸೆನ್ಸರ್ ಮಾರಾಟಕ್ಕೆ ಬಂದ ವಾರವೇ ಅಕ್ಕನ ತೋಳಿಗೆ ಅಂಟಿಸಿದಳು.

“ಇನ್ನಾದ್ರೂ ಚುಚ್ಚೋದು ಬಿಡ್ತೀಯಾ ತಾಯಿ? ಬೆರಳೆಲ್ಲ ಜರಡಿ ಮಾಡಿಟ್ಟಿದ್ದೀಯ.”

“ಬಿಡ್ತೀನಿ. ಇದು ನಾನೇ ಪರೀಕ್ಷೆ ಮಾಡಿರೋದು.”

“ಹಾಗಾದ್ರೆ ಪಾಪ, ಇದೂ ನಿನ್ನ ಕೈಲಿ ಬೈಸಿಕೊಂಡೇ ಬಂದಿರತ್ತೆ,” ಎಂದು ಅಕ್ಕ ನಕ್ಕಳು.

ಒಂದು ರಜಾದಿನ ಅಕ್ಕನಿಗೆ ಜ್ವರ, ತಲೆಸಿಡಿತ. ಇವಳೇ ಎರಡು ಮಾತ್ರೆ ನುಂಗಿಸಿ ನೀರು ಕುಡಿಸಿದಳು. ಎರಡು ಗಂಟೆ ಕಳೆದು ನೋಡಿದರೆ ಸೆನ್ಸರ್ ಇನ್ನೂರ ತೊಂಬತ್ತು ತೋರಿಸುತ್ತಿತ್ತು. ಜ್ವರಕ್ಕೆ ಏರಿರಬೇಕು ಅಂದುಕೊಂಡು, ಆ ಅಂಕಿಗೆ ತಕ್ಕಷ್ಟು ಇನ್ಸುಲಿನ್ ಕೊಟ್ಟಳು. ಸ್ವಲ್ಪ ಹೊತ್ತಿಗೆ ನೂರ ಅರವತ್ತು ಕಂಡಿತು. ಸರಿಯಾಗಿ ಇಳಿಯುತ್ತಿದೆ ಎಂದು ಬಟ್ಟೆ ಒಗೆಯಲು ಹೋದಳು. ಬಕೆಟ್ ಹಿಡಿದು ಒಳಗೆ ಬಂದಾಗ ಅಕ್ಕ ನೆಲದ ಮೇಲೆ ಬಿದ್ದಿದ್ದಳು. ಬೆರಳು ಚುಚ್ಚಿ ನೋಡಿದರೆ ಇಪ್ಪತ್ತನಾಲ್ಕು.

ಕೆಲಸದ ಬಾಗಿಲಲ್ಲಿ ಸಾವಿರ ಸಲ ಕೇಳಿದ ಪ್ರಶ್ನೆಯನ್ನು ಮನೆಯಲ್ಲಿ ತನಗೆ ತಾನೇ ಕೇಳಿಕೊಂಡಿರಲಿಲ್ಲ.

ಅಕ್ಕ ಉಳಿದಳು. ಉಳಿದದ್ದು ಉಸಿರು. ಮಿದುಳಿಗೆ ಬಹಳ ಹೊತ್ತು ಸಕ್ಕರೆ ಸಿಕ್ಕಿಲ್ಲ, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ಕಣ್ಣು ತೆರೆದಿರುತ್ತಿತ್ತು. “ಅಕ್ಕಾ” ಎಂದರೆ ಇತ್ತ ಹೊರಳುತ್ತಿರಲಿಲ್ಲ.

ಅಕ್ಕನನ್ನು ಆಸ್ಪತ್ರೆಯಲ್ಲೇ ಬಿಟ್ಟು ನಾಲ್ಕನೆಯ ದಿನ ಅವಳು ಕೆಲಸಕ್ಕೆ ಬಂದಳು. “ಹೆತ್ತವಳ ಹಾಗೆ ಸಾಕಿದೋಳು ಹಾಸಿಗೆ ಹಿಡಿದಿದ್ದಾಳೆ, ಇವಳಿಗೆ ಹಾಜರಿ ಮುಖ್ಯ,” ಎಂದು ಜೊತೆಯ ನರ್ಸ್ ಪಿಸುಗುಟ್ಟಿದಳು. ‘ತಕ್ಕಡಿ’ ಮಾತ್ರ ಬೀರು ತೆಗೆದು ಹಳೆಯ ಹಾಳೆಗಳನ್ನೆಲ್ಲ ತಿರುವಿಹಾಕಿದಳು. ಮಾತ್ರೆ ನುಂಗಿದವರಲ್ಲಿ ಅಂಕಿ ಎಷ್ಟು ತಪ್ಪುತ್ತದೆ ಎಂಬುದು ಒಂದರಲ್ಲೂ ಇರಲಿಲ್ಲ. ಇರುವುದಾದರೂ ಹೇಗೆ? ಅವರನ್ನೆಲ್ಲ ಬಾಗಿಲಿನಿಂದಲೇ ಕಳಿಸಿದವಳು ತಾನೇ. ಸೆನ್ಸರ್‌ನ ಡಬ್ಬಿಯೊಳಗಿನ ಪುಸ್ತಕದಲ್ಲಿ ಮಾತ್ರ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಒಂದು ಸಾಲಿನ ಎಚ್ಚರಿಕೆ.

ಅಂದು ನಿವೃತ್ತ ಬಸ್ ಡ್ರೈವರ್ ಒಬ್ಬ ಕೆನ್ನೆ ಊದಿಸಿಕೊಂಡು ಬಂದ. “ಹಲ್ಲುನೋವು ಮೇಡಂ, ತಡೆಯೋಕಾಗ್ಲಿಲ್ಲ. ಏಳು ಗಂಟೆಗೆ ಎರಡು ನುಂಗಿಬಿಟ್ಟೆ. ನೀವು ಬೈಯೋದು ಬೇಡ, ನಾನೇ ಹೋಗ್ತೀನಿ.”

“ಕೂತ್ಕೊಳ್ಳಿ.”

“ಆಂ?”

“ಮೂರನೇ ಕುರ್ಚಿ. ತೋಳು ಚಾಚಿ.”

ಜೊತೆಯ ನರ್ಸ್ ಓಡಿಬಂದಳು. “ಮೇಡಂ, ಇದು ಲೆಕ್ಕಕ್ಕೆ ಬರಲ್ಲ. ನಮ್ಮ ಡಾಕ್ಟ್ರು ಆ ಹಾಳೇನ ಹರಿದು ಬಿಸಾಕ್ತಾರೆ.”

ಅದು ಅವಳಿಗೂ ಗೊತ್ತಿತ್ತು. ಅಕ್ಕನಿಗೆ ಇದರಿಂದ ಆಗುವುದು ಏನೂ ಇಲ್ಲವೆಂಬುದೂ ಗೊತ್ತಿತ್ತು. ರಕ್ತ ತೆಗೆದಳು: ನೂರ ಹದಿನೆಂಟು. ಸೆನ್ಸರ್: ಇನ್ನೂರ ಹನ್ನೆರಡು. ಎರಡನ್ನೂ ಬರೆದು, ಪಕ್ಕದಲ್ಲಿ ‘ಎರಡು ಮಾತ್ರೆ, ಬೆಳಿಗ್ಗೆ ಏಳಕ್ಕೆ’ ಎಂದು ಸೇರಿಸಿ, ಕೆಳಗೆ ತನ್ನ ಸಹಿ ಹಾಕಿದಳು.

“ಹರೀಲಿ,” ಎಂದಳು. ಇನ್ನೊಂದು ಹಾಳೆ ಎಳೆದುಕೊಂಡು ಅದನ್ನೇ ಮತ್ತೆ ಬರೆಯತೊಡಗಿದಳು.