ಬಡಗಿಯ ಹೆಂಡತಿಯ ಕಾಲು

ಆ ಬೀದಿಯಲ್ಲಿ ಕಾಲು ಮುರಿದ ಕುರ್ಚಿಗಳೆಲ್ಲ ಕೊನೆಗೆ ಬಂದು ಸೇರುತ್ತಿದ್ದುದು ಈ ಮುದುಕ ಬಡಗಿಯ ಅಂಗಡಿಗೆ. ಸೀಳಿಗೆ ಅಂಟು ತುಂಬಿ, ಕ್ಲ್ಯಾಂಪು ಬಿಗಿದು ಮೂಲೆಯಲ್ಲಿಟ್ಟರೆ ಮುಗಿಯಿತು. ಗಟ್ಟಿಯಾಗುವವರೆಗೆ ಯಾರೂ ಮುಟ್ಟುವಂತಿಲ್ಲ. ಅವಸರ ಮಾಡುವ ಗಿರಾಕಿಗೆ, “ಅಲ್ಲೀವರೆಗೆ ನಿಂತ್ಕೊಂಡೇ ಊಟ ಮಾಡಿ ಸ್ವಾಮಿ” ಎನ್ನುತ್ತಿದ್ದರು.

ಎಪ್ಪತ್ತು ದಾಟಿದ ಅವರ ಹೆಂಡತಿ ಬಚ್ಚಲಿನಲ್ಲಿ ಜಾರಿ ಬಿದ್ದರು. ಊದಿಕೊಂಡಿದ್ದು ಮಂಡಿ; ಮುರಿದಿದ್ದು ಅದರ ಮೇಲಿನ ತೊಡೆಮೂಳೆಯ ತುದಿ. ಆಸ್ಪತ್ರೆಯಲ್ಲಿ ಉದ್ದನೆಯ ಲೋಹದ ಪಟ್ಟಿ ಇಟ್ಟು ಸ್ಕ್ರೂ ಬಿಗಿದರು. ಎಕ್ಸ್‌ರೇ ನೋಡಿದ ಬಡಗಿಗೆ ಆ ಕೆಲಸ ಹಿಡಿಸಿತು.

“ಇದು ಅರ್ಧ ಕೆಲಸ ಅಷ್ಟೇ,” ಎಂದರು ಮೂಳೆ ಡಾಕ್ಟರು. “ನಾಳೆಯಿಂದಲೇ ವಾಕರ್ ಹಿಡಿಸಿ ಅಜ್ಜೀನ ನಿಲ್ಲಿಸ್ಬೇಕು. ಮನೇಲೂ ದಿನಾ ನಡೆಸಿ. ಈ ವಯಸ್ಸಲ್ಲಿ ಮುರಿದ ಮೂಳೆಗಿಂತ ಹಾಸಿಗೇನೇ ಜೀವಕ್ಕೆ ಮುಳುವು.”

ನರ್ಸ್ ಹಿಡಿದು ನಿಲ್ಲಿಸಿದಾಗ ಆಕೆ ಅಳುತ್ತಲೇ ನಾಲ್ಕು ಹೆಜ್ಜೆ ಇಟ್ಟರು. ಗಂಡನಿಗೆ ಅದನ್ನು ನೋಡಲಾಗಲಿಲ್ಲ. ಮನೆಗೆ ಬಂದದ್ದೇ ವಾಕರು ಬಾಗಿಲ ಹಿಂದೆ ಸೇರಿತು. ಕಾಲು ಅಲುಗದಿರಲೆಂದು ಅವರೇ ಹಲಗೆಯಲ್ಲೊಂದು ತೊಟ್ಟಿ ಮಾಡಿ, ಚರ್ಮಕ್ಕೆ ತಾಗದಂತೆ ಅಂಚುಗಳನ್ನು ನುಣ್ಣಗೆ ಉಜ್ಜಿ, ಒಳಗೆ ಹತ್ತಿ ಹಾಸಿ, ಆಕೆಯ ಕಾಲನ್ನು ಅದರಲ್ಲಿಟ್ಟರು.

“ರೀ, ಡಾಕ್ಟ್ರು ನಡೀಬೇಕು ಅಂದಿದಾರೆ. ನಾನೇನು ನಿಮ್ಮ ಅಂಗಡಿ ಕುರ್ಚೀನಾ?”

“ಕುರ್ಚಿ ಆಗಿದ್ರೆ ಇಷ್ಟೊಂದು ಮಾತಾಡ್ತಿರ್ಲಿಲ್ಲ. ಸುಮ್ನೆ ಮಲ್ಕೊ. ಸ್ಕ್ರೂ ಅಲುಗಿದ್ರೆ ಮತ್ತೆ ಕೊಯ್ತಾರೆ.”

ಕೊಯ್ಯುವ ಮಾತು ಬಂದರೆ ಆಕೆ ಬಾಯಿ ಮುಚ್ಚುತ್ತಿದ್ದರು. ನೋವೂ ಗಂಡನ ಪರವಾಗಿಯೇ ಇತ್ತು. ತಲೆ ಬಾಚುವುದು, ಉಣಿಸುವುದು, ಒರೆಸುವುದು ಎಲ್ಲ ಅವರದೇ, ಒಂದಕ್ಕೂ ಬೇಸರಿಸಲಿಲ್ಲ. ವಾರಕ್ಕೊಮ್ಮೆ ಬರುವ ಮಗಳು, “ಅಪ್ಪ, ಅಮ್ಮನ್ನ ನಡೆಸ್ತಿದೀಯಾ?” ಎಂದರೆ, “ನಡೆಸೋಣ, ಗಟ್ಟಿಯಾಗ್ಲಿ” ಎನ್ನುತ್ತಿದ್ದರು.

ಮೊದಲು ಕೆಮ್ಮು ಬಂತು, ಆಮೇಲೆ ಜ್ವರ. ಉಸಿರು ಸಿಕ್ಕಿಕೊಳ್ಳತೊಡಗಿದಾಗ ಮತ್ತೆ ಆಸ್ಪತ್ರೆಗೆ ಹೊತ್ತೊಯ್ದರು. ಮಲಗಿದಲ್ಲೇ ಮಲಗಿ ಶ್ವಾಸಕೋಶದಲ್ಲಿ ಕಫ ಕಟ್ಟಿ ಸೋಂಕಾಗಿತ್ತು. ಆಕೆ ಆ ವಾರ ದಾಟಲಿಲ್ಲ.

ಎಲ್ಲ ಮುಗಿದ ಮೇಲೆ ಬಡಗಿ ಮಗಳೊಡನೆ ಡಾಕ್ಟರ ಕೋಣೆಗೆ ಹೋಗಿ ಕೂತರು.

“ಕಾಲು ಹೇಗಿತ್ತು ಡಾಕ್ಟ್ರೇ?”

ಡಾಕ್ಟರು ಈ ಸಲ ತೆಗೆದ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. “ಚೆನ್ನಾಗಿ ಕೂಡ್ತಾ ಇತ್ತು. ಒಂದು ಸ್ಕ್ರೂನೂ ಅಲುಗಿರ್ಲಿಲ್ಲ.”

“ನಡೆಸಿದ್ದಿದ್ರೆ?”

ಡಾಕ್ಟರು ಎಕ್ಸ್‌ರೇಯನ್ನು ಮೇಜಿನ ಮೇಲಿಟ್ಟರು. “ಆಗ್ಲೂ ಅಲುಗ್ತಿರ್ಲಿಲ್ಲ ತಾತ. ಅಷ್ಟು ಭಾರ ತಡೀಲಿ ಅಂತಾನೇ ಆ ಪಟ್ಟಿ ಹಾಕಿದ್ವಿ.”

ಮಗಳು ಎದ್ದು “ಬಾ ಅಪ್ಪ” ಎಂದಳು. ಅವರು ಏಳುವುದಕ್ಕೆ ಬಹಳ ಹೊತ್ತು ಹಿಡಿಯಿತು.