ಮಾದರಿ ಹಳ್ಳಿಯ ಹಿತ್ತಲ ಬಾಗಿಲು

ಯಾರೂ ವಾಸವಿಲ್ಲದ ಮನೆಯೊಳಗಿಂದ ಹುಡುಗಿಯೊಬ್ಬಳು "ಅಮ್ಮೇ, ಅಮ್ಮೇ" ಎಂದು ಕರೆಯುತ್ತಿದ್ದಳು. ನನಗೆ ಹೊಸ್ತಿಲು ದಾಟಲು ಧೈರ್ಯ ಬರಲಿಲ್ಲ. ಇಣುಕಿದರೆ ಒರಳಿನ ಮುಂದೆ ಮಣ್ಣಿನ ಹೆಂಗಸು, ಚಾಪೆಯ ಮೇಲೆ ಮಣ್ಣಿನ ಮುದುಕ. ಇಬ್ಬರಿಗೂ ಗಾಜಿನ ಕಣ್ಣು. ಕೂಗು ಬರುತ್ತಿದ್ದದ್ದು ಮಾಡಿನ ಸಂದಿಯ ಸ್ಪೀಕರಿನಿಂದ.

ಕೊಚ್ಚಿಯ ಹೊರವಲಯದಲ್ಲಿ ಹಳೆಯ ಕಾಲದ ಊರೊಂದನ್ನು ಹೀಗೆ ಮತ್ತೆ ಕಟ್ಟಿ, ಪಕ್ಕದಲ್ಲೇ ಸ್ಥಳೀಯ ಇತಿಹಾಸದ ಮ್ಯೂಸಿಯಂ ಮಾಡಿದ್ದಾರೆ. ಮಗಳ ಹಟಕ್ಕೆ ಮಣಿದು ತಿರುವನಂತಪುರದ ತುಂಬ ಎಂಬ ಬಡಾವಣೆಯಿಂದ ಬಂದಿದ್ದೆ. ಗಂಡನಿಗೆ ವರ್ಗವಾಗಿ ಧಾರವಾಡ ಬಿಟ್ಟವಳು ನಾನು. ರೊಟ್ಟಿ ತಿಂದ ನಾಲಿಗೆಗೆ ಕುಚ್ಚಲಕ್ಕಿ ಒಗ್ಗಿತು, ಸೆಕೆಯೂ ಒಗ್ಗಿತು. ಕನ್ನಡದಲ್ಲಿ ಕೇಳಿದ್ದಕ್ಕೆ ಮಗಳು ಮಲಯಾಳದಲ್ಲಿ ಉತ್ತರಿಸುವುದು ಮಾತ್ರ ಒಗ್ಗಲಿಲ್ಲ. 'ಅವ್ವಾ' ಹೋಗಿ 'ಅಮ್ಮೇ' ಬಂದಿತ್ತು. ಮಗು ಕೈತಪ್ಪುತ್ತಿದೆ ಎಂದು ಹೆದರಿದ್ದೆ.

ಮುಸ್ಸಂಜೆ, ಮಗಳು ಮ್ಯೂಸಿಯಂ ನೋಡುತ್ತಿದ್ದಾಳೆ ಎಂದುಕೊಂಡು ನಾನು ಆ ಮನೆಯ ಹಿತ್ತಲ ಕಟ್ಟೆಯಲ್ಲಿ ಕೂತಿದ್ದಾಗ ಜಗಲಿಯಿಂದ "ದೀಪಂ, ದೀಪಂ" ಎಂದು ಕೇಳಿಸಿತು. ಇಲ್ಲಿ ಸಂಜೆದೀಪ ತರುವವರು ಹಾಗೆ ಹೇಳುತ್ತಾರೆ, ಕೂತವರು ಎದ್ದು ಕೈಮುಗಿಯುತ್ತಾರೆ. ನಮ್ಮ ಕಡೆ ದೀಪದ ಹೊತ್ತಿಗೆ ಹಿತ್ತಲ ಬಾಗಿಲು ಹಾಕಬೇಕು. ಇಲ್ಲದಿದ್ದರೆ ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೊರಟುಹೋಗುತ್ತಾಳೆ. ಹುಟ್ಟುಗುಣ ಸುಟ್ಟರೂ ಹೋಗದು ನೋಡಿ! ಎದ್ದವಳೇ ಅಡುಗೆಮನೆಯ ಬಾಗಿಲೆಳೆದು ಚಿಲಕ ಹಾಕಿದೆ.

ಒಳಗಿನಿಂದ ಮತ್ತೆ "ಅಮ್ಮೇ, ಅಮ್ಮೇ!" ಈ ಸಲ ಅಳು ಬೆರೆತಿತ್ತು. ಸ್ಪೀಕರಿಗೆ ಎಷ್ಟು ಚೆನ್ನಾಗಿ ಅಳು ತುಂಬಿದ್ದಾರೆ ಎಂದುಕೊಂಡೆ. ನಿಂತಲ್ಲಿಂದ ಕದಲಲಿಲ್ಲ.

ಕಾವಲುಗಾರ ಓಡಿಬಂದ. "ಚೇಚ್ಚಿ, ಉಳ್ಳಿಲ್ ಕುಟ್ಟಿಯುಂಡು!" ಅಕ್ಕಾ, ಒಳಗೆ ಮಗು ಇದೆ! ಒಳಬಾಗಿಲಿಗೆ ಬೀಗವಿದ್ದ ಆ ಕೋಣೆಯಿಂದ ಹೊರಬರಲು ನಾನು ಮುಚ್ಚಿದ್ದೊಂದೇ ದಾರಿ.

ಚಿಲಕ ತೆಗೆದರೆ ಕತ್ತಲಲ್ಲಿ ಮಣ್ಣಿನ ಹೆಂಗಸಿನ ಪಕ್ಕ ನನ್ನ ಮಗಳು. ಬೆವರಿ ತೊಯ್ದಿದ್ದಳು. ಎಷ್ಟೋ ದಿನಗಳ ಮೇಲೆ ಕನ್ನಡದಲ್ಲಿ ಕೇಳಿದಳು:

"ಕರದೂ ಕರದೂ ಸಾಕಾತು. ನನ್ನ ದನಿ ಗುರ್ತ ಸಿಗಲಿಲ್ಲೇನವ್ವಾ?"

ನಾನು ಕಾಯುತ್ತಿದ್ದ ಮಾತು ಅದು. ಆದರೆ ಅದು ಎದೆಗೆ ಚುಚ್ಚಿತು. ಅವಳ ಕೈ ಬಿಗಿಯಾಗಿ ಹಿಡಿದು ಗೇಟಿನತ್ತ ನಡೆದೆ.

ಬೆನ್ನ ಹಿಂದೆ ಆ ಮನೆ "ಅಮ್ಮೇ" ಎಂದಿತು.

ಮಗಳ ಕೈ ನನ್ನ ಕೈಯಲ್ಲೇ ಇತ್ತು. ಆದರೂ ನಾನು ತಿರುಗಿ ನಿಂತೆ. 'ಏನು ಮಗಳೇ' ಎಂಬುದು ಬಾಯಿಗೆ ಮಲಯಾಳದಲ್ಲೇ ಬಂತು.

"ಎಂದಾ ಮೋಳೇ?"